ನಾಲಿಗೆಗೆ ಪರ್ಮನೆಂಟ್ ಕಮಿಷನ್

ನಮ್ಮ ಅಕ್ಕನ ಮಗ ಗೋಕಾಕದಿಂದ ಅಗ್ನಿವೀರನಾಗಿ ಬಂದು ತಿರುಮಲಗಿರಿಯಲ್ಲಿರುವ ಸೇನೆಯ ಇಎಂಇ ಸೆಂಟರಿನಲ್ಲಿ ತರಬೇತಿಯಲ್ಲಿದ್ದಾನೆ. ಭರ್ತಿಗೆ ವಯಸ್ಸಿನ ಮಿತಿ ಉಂಟು, ಹಸಿವಿಗಿಲ್ಲ. ಮೊನ್ನೆ ಭಾನುವಾರ ಔಟ್‌ಪಾಸ್ ಸಿಕ್ಕಿತೆಂದು ಸಿಕಂದರಾಬಾದಿನ ಒಂದು ಇರಾನಿ ಹೋಟೆಲಿನಲ್ಲಿ ಕೂತಿದ್ದೆವು. ಬಿರಿಯಾನಿ ಮುಗಿದಿತ್ತು. ತಟ್ಟೆಯಂಚಿನಲ್ಲಿ ತುಪ್ಪವೋ ವನಸ್ಪತಿಯೋ, ತಣ್ಣಗಾಗಿ ಬೆಳ್ಳಗೆ ಹೆಪ್ಪುಗಟ್ಟಿದ್ದನ್ನು ಬೆರಳಲ್ಲಿ ಬಳಿದು ಬಾಯಿಗಿಟ್ಟ.

“ಲೇ, ಹಾರ್ಟಿನ ಕಡೆ ಲಕ್ಷ್ಯ ಇರಲಿ.”

“ಮಾಮಾ, 1.6 ಕಿಲೋಮೀಟರ್ ಐದೂವರೆ ನಿಮಿಷದಾಗ ಓಡಿ ಭರ್ತಿ ಆದವ ನಾ. ಈಗ ದಿನಾ ಓಡಸ್ತಾರ, ಮ್ಯಾಲೆ ಉಸ್ತಾದರು ಶಿಕ್ಷಾ ಅಂತ ಕೊಡೋ ರಗಡಾ ಬ್ಯಾರೆ. ತಿಂದದ್ದು ಎಲ್ಲಿ ಉಳಿತೈತ್ರಿ?”

ಟ್ರೈನಿಂಗ್ ಹುಡುಗರ ಜಮಾಖರ್ಚೇ ಹೀಗೆ: ಬೆವರು ಜಮಾ, ಸಮೋಸ ಖರ್ಚು. ಬಡಾಖಾನಾ ಎಂಬ ಸೇನೆಯ ಔತಣ ಇದ್ದ ದಿನ ಲೆಕ್ಕದ ಪುಸ್ತಕಕ್ಕೇ ರಜೆ. ಸೊಂಟದ ಬೆಲ್ಟಿನ ಮಟ್ಟಿಗೆ ಈ ಲೆಕ್ಕ ಸರಿಯೇ. ರಕ್ತನಾಳದ ಲೆಕ್ಕ ಬರೆಯುವ ಗುಮಾಸ್ತ ಮಾತ್ರ ಬೇರೆ. ಅವನು ಪರೇಡ್ ನೋಡಿ ಸಲಾಂ ಹೊಡೆಯುವವನಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ವೈದ್ಯರು ಬಿಚ್ಚಿ ನೋಡಿ 1953ರಲ್ಲಿ ವರದಿ ಕೊಟ್ಟರು. ಸರಾಸರಿ ವಯಸ್ಸು 22. ಗುಂಡಿಗೆ ಎದೆಯೊಡ್ಡಿದವರ ಗುಂಡಿಗೆ ಅದು! ಆದರೂ ನೂರಕ್ಕೆ 77 ಮಂದಿಯ ಹೃದಯದ ನಾಳಗಳಲ್ಲಿ ರೋಗ ಆಗಲೇ ಸದ್ದಿಲ್ಲದೆ ಬಿಡಾರ ಹೂಡಿತ್ತು. ಅವರೂ ಕವಾಯತು ಮಾಡಿದವರೇ.

ಇದೇ ಸಿಕಂದರಾಬಾದಿನಲ್ಲಿ 1897ರಲ್ಲಿ ರೊನಾಲ್ಡ್ ರಾಸ್ ಎಂಬ ಮಿಲಿಟರಿ ಡಾಕ್ಟರು ಸೊಳ್ಳೆಯ ಹೊಟ್ಟೆ ಬಗೆದು ಮಲೇರಿಯಾದ ಗುಟ್ಟು ಹಿಡಿದ. ಸೊಳ್ಳೆಯೇನೋ ಬಗೆಸಿಕೊಂಡಿತು. ನಮ್ಮ ಹುಡುಗನ ಹೊಟ್ಟೆಯ ವಿಷಯ ಎತ್ತಿದರೆ ಸಾಕು, ಮತ್ತೊಂದು ಪ್ಲೇಟ್ ಉಸ್ಮಾನಿಯಾ ಬಿಸ್ಕತ್ತು ಹೇಳುತ್ತಾನೆ. ಆ ಬಿಸ್ಕತ್ತಿನ ಕಿತಾಪತಿ ನಿಮಗೆ ಗೊತ್ತಲ್ಲ? ಸಿಹಿಯೋ ಉಪ್ಪೋ ಎಂದು ತೀರ್ಮಾನವಾಗುವಷ್ಟರಲ್ಲಿ ನಾಲ್ಕು ಖಾಲಿ. ಉಪ್ಪು ದಿನಕ್ಕೆ ಐದು ಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ ಅಂದೆ. “ನಮ್ಮ ಅಂಗಿ ಹಿಂಡಿದ್ರ ಅಷ್ಟು ಉಪ್ಪು ಬರತೈತಿ ಮಾಮಾ,” ಅಂದ.

ನನ್ನ ಚಿಂತೆ ಇವತ್ತಿನದಲ್ಲ. ಅಗ್ನಿವೀರನ ಓಟಕ್ಕಿರುವುದು ನಾಲ್ಕೇ ವರ್ಷದ ಕರಾರು. ಆಮೇಲೆ ನೂರಕ್ಕೆ 25 ಮಂದಿಯವರೆಗೆ ಉಳಿಸಿಕೊಂಡು ಮಿಕ್ಕವರನ್ನು ಊರಿಗೆ ಕಳಿಸುತ್ತಾರೆ. ಕಾಲು ರಿಟೈರ್ ಆಗುತ್ತದೆ. ನಾಲಿಗೆಗೆ ಮಾತ್ರ ಪರ್ಮನೆಂಟ್ ಕಮಿಷನ್. ಬೆಳಿಗ್ಗೆ ಐದಕ್ಕೆ ಎಬ್ಬಿಸುವ ಸೀಟಿ ಇರುವುದಿಲ್ಲ, ಎಂಟು ಪೂರಿಯ ಅಭ್ಯಾಸ ಇರುತ್ತದೆ.

ಇಷ್ಟೆಲ್ಲ ಹೇಳಿ ಬಿಪಿ ಗುಳಿಗೆ ನುಂಗಲು ನೀರು ಕೇಳಿದೆ. ಅವನು ನನ್ನ ಹೊಟ್ಟೆಯನ್ನು ಇನ್‌ಸ್ಪೆಕ್ಷನ್‌ಗೆ ಬಂದ ಸುಬೇದಾರನ ಹಾಗೆ ಮೇಲಿಂದ ಕೆಳಗೆ ನೋಡಿದ. ಆಮೇಲೆ ನಾನು ಊರಿನಿಂದ ತಂದಿದ್ದ ಕರದಂಟಿನ ಡಬ್ಬಿಯ ಮುಚ್ಚಳ ತೆಗೆದ.

“ಮಾಮಾ, ಅವ್ವ ಡಬ್ಬಿ ತುಂಬಾ ಕೊಟ್ಟೀನಿ ಅಂದಿದ್ಲಲ್ರಿ?”

ನಾನು ಬಿಲ್ ತರಲು ಹೇಳಿದೆ.