ಸೇವಾಪೂರ್ವ ವಾರಾಂತ್ಯ ಮೀಮಾಂಸೆ (ಅಂಕೋಲಾ–ಕಾರವಾರ ಶಾಖೆ)

ಶಾಸ್ತ್ರಗ್ರಂಥ ಬರೆಯುವವನು ಮೊದಲಿಗೆ ಅನುಬಂಧ ಚತುಷ್ಟಯ ಹೇಳಬೇಕೆಂದು ಹಿರಿಯರು ವಿಧಿಸಿದ್ದಾರೆ. ಹೇಳಿ ಮುಗಿಸುತ್ತೇನೆ. ವಿಷಯ: ತಂದೆತಾಯಿ ತಿರುಮಲೆಗೆ ಶ್ರೀವಾರಿ ಸೇವೆಗೆ ಹೊರಡುವ ಮುಂಚಿನ ಶನಿವಾರ, ಭಾನುವಾರ. ಪ್ರಯೋಜನ: ಮಕ್ಕಳಿಗೆ ಊಟ. ಅಧಿಕಾರಿ: ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಕನ್ಫರ್ಮ್ ಟಿಕೆಟ್ ಸಿಕ್ಕವನು. ಸಂಬಂಧ: ಪ್ರಬಂಧಕಾರ ಅಂಕೋಲೆಯ ಆ ಮನೆಯ ಹಿರಿಯ ಅಳಿಯ. ಅತ್ತೆಮನೆಯ ಅಡುಗೆಕೋಣೆಯಲ್ಲಿ ಅಳಿಯನಿಗೆ ಕೆಲಸ ಕೊಡುವ ಪದ್ಧತಿ ಇಲ್ಲವಾದ್ದರಿಂದ ವೀಕ್ಷಣೆಗೆ ಬೇಕಾದಷ್ಟು ಪುರುಸೊತ್ತಿತ್ತು. ಸಮಾಜಶಾಸ್ತ್ರದವರು ಇದನ್ನು ಕ್ಷೇತ್ರಕಾರ್ಯ ಎನ್ನುತ್ತಾರೆ. ನನ್ನ ಹೆಂಡತಿ ಬೇರೆ ಏನೋ ಎನ್ನುತ್ತಾಳೆ.

ಪೂರ್ವಪಕ್ಷ ಹೀಗಿದೆ. ತಿರುಪತಿ ದೇವಸ್ಥಾನದವರು 2000ದಲ್ಲಿ ಶುರುಮಾಡಿದ ಈ ಸೇವೆ ಸಾಮಾನ್ಯವಾಗಿ ಒಂದು ವಾರದ್ದು. ಗಂಡಸರಿಗೆ ಬಿಳಿ ಬಟ್ಟೆ, ಹೆಂಗಸರಿಗೆ ಕಿತ್ತಳೆ ಬಣ್ಣದ ಸೀರೆ, ಕೊರಳಿಗೊಂದು ಶಲ್ಯ. ದರ್ಶನದ ಸಾಲು ಸರಿಮಾಡುವುದು, ಅನ್ನಪ್ರಸಾದ ಬಡಿಸುವುದು, ಹೂವು ಕಟ್ಟುವುದು, ಇಂಥವೇ ಕೆಲಸ. ವಾರ ಕಳೆದರೆ ತಿರುಗಿ ಮನೆಗೆ. ಅಷ್ಟಕ್ಕೆ ಬೆಂಗಳೂರಿನಿಂದ ಮಗ, ಸೊಸೆ, ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲ ಬಂದು ಕೂರಬೇಕೆ?

ಕೂರಬೇಕು, ಇದಕ್ಕೆ ಐತಿಹಾಸಿಕ ಕಾರಣವಿದೆ. 1830ರ ಮೇ ತಿಂಗಳಲ್ಲಿ ಮದ್ರಾಸಿನಿಂದ ಕಾಶಿಗೆ ಹೊರಟ ಏನುಗುಲ ವೀರಾಸ್ವಾಮಿಯವರು ಮರಳಿ ಊರು ಮುಟ್ಟಿದ್ದು 1831ರ ಸೆಪ್ಟೆಂಬರಿನಲ್ಲಿ. ಆ ಕಾಲದಲ್ಲಿ ಯಾತ್ರೆಗೆ ಹೊರಟವರು ಆಸ್ತಿಪಾಸ್ತಿಯ ವಿಚಾರ ಇತ್ಯರ್ಥ ಮಾಡಿ, ನೆಂಟರನ್ನೆಲ್ಲ ಕಂಡು ಹೊರಡುತ್ತಿದ್ದರು. ಬರುತ್ತೇವೆಂಬ ಖಾತ್ರಿ ಇರಲಿಲ್ಲ. ಈಗ ಕಿಸೆಯಲ್ಲಿ ಮೊಬೈಲಿದೆ, ಬೆಟ್ಟದ ಮೇಲೆ ನೆಟ್‌ವರ್ಕಿದೆ. ಪದ್ಧತಿ ಮಾತ್ರ ಹಾಗೆಯೇ ಉಳಿದಿದೆ. ಶನಿವಾರ ಬೆಳಿಗ್ಗೆ ನಾವು ಬ್ಯಾಗು ಇಳಿಸುವ ಮೊದಲೇ ಅತ್ತೆ ಮಗಳನ್ನು ಒಳಗೆ ಕರೆದು, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲಿದೆ, ಕಪಾಟಿನ ಎರಡನೇ ಕೀಲಿ ಯಾರ ಮನೆಯಲ್ಲಿದೆ, ಹಾಲಿನವನಿಗೆ ಎಷ್ಟು ಬಾಕಿ ಎಂದು ಒಪ್ಪಿಸತೊಡಗಿದರು. ಎಲ್ಲ ಕೇಳಿದ ಮಗಳು "ಆಯಿ, ಮುಂದಿನ ಮಂಗಳವಾರ ನೀನೇ ಬರ್ತೆ ಅಲ?" ಎಂದಳು. ಅತ್ತೆಗೆ ಆ ಪ್ರಶ್ನೆ ಹಿಡಿಸಲಿಲ್ಲ.

ಇನ್ನು ಈ ಶಾಸ್ತ್ರದ ಅತ್ಯಂತ ಜಟಿಲ ಭಾಗವಾದ ಮತ್ಸ್ಯಕಾಲನಿರ್ಣಯ. ಮೇ ತಿಂಗಳ ಕೊನೆಯ ವಾರ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಇದು ಸರ್ಕಾರದ ಆಜ್ಞೆ. ಶನಿವಾರ ವೆಂಕಟರಮಣನ ವಾರ, ಆ ಮನೆಯಲ್ಲಿ ಮೀನು ನಿಷಿದ್ಧ. ಇದು ಸಂಪ್ರದಾಯ. ಸೋಮವಾರ ಪ್ರಯಾಣ. ಹಾಗಾಗಿ ಉಳಿದದ್ದು ಭಾನುವಾರ ಮಧ್ಯಾಹ್ನದ ಒಂದೇ ಒಂದು ಊಟ. ಮಾವನವರ ಮತದಂತೆ ಅದೂ ಕೂಡದು. ಸೇವೆಗೆ ಹೆಸರು ಕೊಟ್ಟ ದಿನದಿಂದಲೇ ಇಬ್ಬರೂ ಮೀನು ಬಿಟ್ಟಿದ್ದಾರೆ. ಅತ್ತೆ ಇದನ್ನು ಒಂದೇ ವಾಕ್ಯದಲ್ಲಿ ಖಂಡಿಸಿದರು: "ಬಿಟ್ಟದ್ದು ನಾವು. ಮಕ್ಳು ಯಂತಕೆ ಬಿಡಬೇಕು?" ಮಾವ ವಾದ ಮುಂದುವರಿಸಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಅವರು ಕಲಿತ ತರ್ಕಶಾಸ್ತ್ರ ಅಷ್ಟು.

ಭಾನುವಾರ ಬೆಳಿಗ್ಗೆ ಪೇಟೆಯಿಂದ ಬಂಗಡೆಯೂ ಶೆಟ್ಲಿಯೂ ಬಂದವು. ಹಿತ್ತಲ ಕಲ್ಲಿನ ಮೇಲೆ ಕುಳಿತು ಅತ್ತೆಯೇ ಅವನ್ನು ಶುದ್ಧ ಮಾಡಿದರು. ತೆಂಗಿನಕಾಯಿ, ಒಣಮೆಣಸು ಅರೆದು, ಕೊನೆಗೆ ನಾಲ್ಕು ಜುಮ್ಮನಕಾಯಿ ಜಜ್ಜಿ ಹಾಕಿದರು. ಅಷ್ಟರಲ್ಲಿ ಶಾಸ್ತ್ರಕಾರರು ಯಾರೂ ಊಹಿಸದ ತೊಡಕು ಎದುರಾಯಿತು. ಉಪ್ಪು ನೋಡುವವರು ಯಾರು? ಮೀನು ಬಿಟ್ಟವರು ರುಚಿ ನೋಡುವಂತಿಲ್ಲ. ಸೌಟಿನ ತುದಿಯ ಸಾರನ್ನು ಬಟ್ಟಲಿಗೆ ಹಾಕಿ ಮಗನ ಕೈಗಿಟ್ಟು, ಅತ್ತೆ ಅವನ ಮುಖವನ್ನೇ ನೋಡುತ್ತ ನಿಂತರು. ಅವನು ಕಣ್ಣುಮುಚ್ಚಿ ಕುಡಿದು, ಇನ್ನೊಂದು ಬಟ್ಟಲು ಬೇಕೆಂದ. "ತಮಾ, ಉಪ್ಪು ನೋಡುಕೆ ಕೊಟ್ಟದ್ದು, ಊಟ ಮಾಡುಕಲ್ಲ." ಉಪ್ಪು ಸರಿಯಿತ್ತೋ ಇಲ್ಲವೋ ಎಂಬುದನ್ನು ಅವನು ಕೊನೆಗೂ ಹೇಳಲಿಲ್ಲ. ಸರಿಯಾಗಿಯೇ ಇತ್ತು ಎಂಬುದಕ್ಕೆ ಪ್ರಬಂಧಕಾರ ಸಾಕ್ಷಿ.

ಶನಿವಾರ ಸಂಜೆಯ ಕಾರವಾರ ಪ್ರಕರಣವನ್ನು ಬಿಡುವಂತಿಲ್ಲ. ಕಡಲತೀರಕ್ಕೆ ರವೀಂದ್ರನಾಥ ಠಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಮನೆಮಂದಿ ಬಂದು ಉಳಿದಿದ್ದರು. ಅಂದರೆ ಕಾರವಾರದಲ್ಲಿ ಕುಟುಂಬ ಸಮೇತ ಕಾಲ ಕಳೆಯುವುದಕ್ಕೆ ಗಣ್ಯ ಪೂರ್ವನಿದರ್ಶನ ಇದೆ. ಆಗ ತರುಣ ಕವಿ ಇಲ್ಲಿ ಬರೆದ ನಾಟಕ 'ಪ್ರಕೃತಿರ್ ಪ್ರತಿಶೋಧ್', ಪ್ರಪಂಚವನ್ನೇ ಗೆದ್ದೆನೆಂದುಕೊಂಡ ಸನ್ಯಾಸಿಯೊಬ್ಬನನ್ನು ಒಬ್ಬ ಅನಾಥ ಹುಡುಗಿಯ ಪ್ರೀತಿ ಮರಳಿ ಎಳೆದು ತರುವ ಕಥೆ. ಅಂದಮೇಲೆ ಈ ಮರಳು ವೈರಾಗ್ಯಕ್ಕೆ ಪ್ರಶಸ್ತವಲ್ಲ ಎಂಬುದು 1884ರಲ್ಲಿ ಆ ನಾಟಕ ಅಚ್ಚಾದಾಗಲೇ ಸಿದ್ಧವಾಗಿದೆ. ನಮ್ಮ ಮಾವ ನಿವೃತ್ತ ಹೆಡ್‌ಮಾಸ್ತರರು. ಅದೇ ತೀರದ ಚಾಪೆಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯದ ಮುಂದೆ ಟಿಕೆಟ್ಟಿಗೆ ಜನ ಗುಂಪುಗಟ್ಟಿದ್ದನ್ನು ಕಂಡವರೇ "ಸಾಲಿನಲ್ಲಿ ಬನ್ನಿ, ಮಕ್ಕಳಿದ್ದವರು ಮುಂದೆ" ಎಂದು ಶುರುಮಾಡಿದರು. ಜನ ಸಾಲಾದರು. ಪೂರ್ವಾಭ್ಯಾಸ ಸಾಲದೆಂದು ಐಸ್‌ಕ್ರೀಂ ಗಾಡಿಯ ಮುಂದೆಯೂ ಒಂದು ಸಾಲು ಮಾಡಿಸಿದರು. ಅಲ್ಲಿ ನಾವು ಆರು ಮಂದಿ ಮಾತ್ರ ಇದ್ದೆವು.

ಆರ್ಥಿಕ ವಿಚಾರ ಚಿಕ್ಕದು. ಅಕ್ಕಪಕ್ಕದವರು ಹುಂಡಿಗೆ ಹಾಕಲು ಮುಡಿಪು ತಂದುಕೊಟ್ಟರು, ಜೊತೆಗೆ ಲಡ್ಡುವಿನ ಬೇಡಿಕೆ ಬರೆಸಿಹೋದರು. ಮಕ್ಕಳ ಬ್ಯಾಗಿಗೆ ಕರಿ ಇಶಾಡು ಮಾವು ತುಂಬಿತು. ತಿರುಪತಿ ಲಡ್ಡುವಿಗೆ 2009ರಲ್ಲಿ, ಅಂಕೋಲೆಯ ಕರಿ ಇಶಾಡಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಒಂದೇ ಮನೆಯಿಂದ ಒಂದು ಸೂಚಕ ಹೊರಹೋಗಿ ಇನ್ನೊಂದು ಒಳಬರುವ ಈ ವ್ಯಾಪಾರದಲ್ಲಿ ಮನೆಯೊಡತಿಗೆ ಉಳಿಯುವುದು ಖಾಲಿ ಬುಟ್ಟಿ.

ಸಿದ್ಧಾಂತಕ್ಕೆ ಬರೋಣ. ಮಾವ, ಅತ್ತೆ ಹೊರಡುವುದು ಸೋಮವಾರ ಬೆಳಿಗ್ಗೆ, ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ. ಅಲ್ಲಿಂದ ಹರಿಪ್ರಿಯಾ ಎಕ್ಸ್‌ಪ್ರೆಸ್. (ಹುಬ್ಬಳ್ಳಿ–ಅಂಕೋಲಾ ರೈಲು ದಶಕಗಳಿಂದ ಕಡತಗಳಲ್ಲೇ ಓಡುತ್ತಿರುವುದರಿಂದ ಘಟ್ಟಕ್ಕೆ ಬಸ್ಸೇ ಗತಿ.) ಮಕ್ಕಳಿಗೆ ಸೋಮವಾರ ಆಫೀಸು, ಹಾಗಾಗಿ ಅವರ ರೈಲು ಭಾನುವಾರ ಸಂಜೆ. ಬೀಳ್ಕೊಡಲು ಬಂದವರೇ ಮೊದಲು ಹೊರಟರು. ಅಂಕೋಲಾ ಸ್ಟೇಷನ್ನಿನಲ್ಲಿ ಮಾವ ನಮ್ಮ ಬ್ಯಾಗುಗಳನ್ನು ಬೋಗಿಯ ಬಾಗಿಲವರೆಗೆ ಹೊತ್ತು, ಹತ್ತುವವರನ್ನು ಸಾಲುಮಾಡಿಸಿದರು. ಅತ್ತೆ ರಾತ್ರಿಗೆಂದು ಬಾಳೆಲೆಯಲ್ಲಿ ಕಟ್ಟಿದ ಚಪಾತಿ ಕೊಟ್ಟು, "ಅಳಿಯಂದಿರೇ, ನೀವು ಸರಿ ಊಟ ಮಾಡ್ಲಿಲ್ಲ" ಎಂದರು. ಅದು ನಾಲ್ಕು ಬಂಗಡೆಯ ನಂತರದ ಮಾತು. ಸಾಲು ಸರಿಮಾಡುವುದು, ಬಡಿಸುವುದು, ಸಾಮಾನು ಹೊರುವುದು: ತಿರುಮಲೆಯಲ್ಲಿ ಅವರಿಗೆ ಕಾದಿದ್ದ ಕೆಲಸವೆಲ್ಲ ಇಲ್ಲಿಯೇ ಆಗಿಹೋಗಿತ್ತು, ಶಲ್ಯವೊಂದು ಇರಲಿಲ್ಲ. ಸೇವೆ ಶನಿವಾರವೇ ಶುರುವಾಗುತ್ತದೆ ಎಂಬುದೇ ಈ ಶಾಖೆಯ ನಿರ್ಣಯ.

ಆದ್ದರಿಂದ ಓದುಗರಲ್ಲಿ ವಿನಂತಿ: ಅಪ್ಪ, ಆಯಿಯನ್ನು ಕಳಿಸಿಕೊಡಲೆಂದೇ ಊರಿಗೆ ಹೋಗುವುದಾದರೆ ಸೋಮವಾರಕ್ಕೂ ಒಂದು ರಜೆ ಹಾಕಿ, ಅಂದು ಸಂಜೆಯ ಟಿಕೆಟ್ ತೆಗೆಸಿ.