ಜೀನೋಮಿನಲ್ಲಿ ಬಗರ್‌ಹುಕುಂ ಸಾಗುವಳಿ: ಒಂದು ಕಂದಾಯ ಮೀಮಾಂಸೆ

ಜೀವಕೋಶವನ್ನು ಜೀವಶಾಸ್ತ್ರಜ್ಞರು ಓದಿದ್ದಾರೆ, ರಸಾಯನಶಾಸ್ತ್ರಜ್ಞರು ಓದಿದ್ದಾರೆ, ಈಚೆಗೆ ಕಂಪ್ಯೂಟರಿನವರೂ ಓದುತ್ತಿದ್ದಾರೆ. ಕಂದಾಯ ಇಲಾಖೆಯ ಕಣ್ಣಿನಿಂದ ಓದಿದವರು ಮಾತ್ರ ಯಾರೂ ಇಲ್ಲ. ವಿದ್ವತ್‌ಲೋಕದ ಈ ಲೋಪವನ್ನು ಸರಿಪಡಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಇದಾದ ಮೇಲೆ ಈ ವಿಷಯದಲ್ಲಿ ಇನ್ನಾರೂ ಬರೆಯುವ ಪ್ರಮೇಯ ಬರುವುದಿಲ್ಲ ಎಂಬುದನ್ನು ಅತ್ಯಂತ ವಿನಯದಿಂದ ಮೊದಲೇ ತಿಳಿಸಿಬಿಡುತ್ತೇನೆ.

ಮೊದಲು ವಿಸ್ತೀರ್ಣ. ಮನುಷ್ಯನ ಜೀನೋಮ್ ಸುಮಾರು 300 ಕೋಟಿ ಅಕ್ಷರಗಳ ಜಮೀನು. ಅದರಲ್ಲಿ ಪ್ರೋಟೀನ್ ಬೆಳೆಯಲು ಪಹಣಿಯಲ್ಲಿ ಹೆಸರಿರುವ ಖಾತೆದಾರರು, ಅಂದರೆ ಜೀನುಗಳು, ಸುಮಾರು 20,000. ಇಷ್ಟು ಜನ ಸೇರಿ ಪ್ರೋಟೀನಿಗೆಂದು ನಿಜವಾಗಿ ಉಳುವ ನೆಲ ನೂರಕ್ಕೆ ಎರಡು ಪಾಲೂ ಇಲ್ಲ. ಉಳಿದ ಕಡೆ ಯಾರಿದ್ದಾರೆ? 2001ರಲ್ಲಿ ಜೀನೋಮಿನ ಕರಡು ನಕ್ಷೆ ಪ್ರಕಟವಾದಾಗ ಗೊತ್ತಾಯಿತು: ನೂರಕ್ಕೆ ಸುಮಾರು 45 ಪಾಲು ಟ್ರಾನ್ಸ್‌ಪೋಸಾನುಗಳ ಸ್ವಾಧೀನದಲ್ಲಿದೆ. ಇವು ಒಂದು ಜಾಗದಿಂದ ಇನ್ನೊಂದಕ್ಕೆ ಹಾರಿ ಕೂರುವ ಡಿಎನ್‌ಎ ತುಂಡುಗಳು, ಅಥವಾ ಹಿಂದೆಂದೋ ಹಾರಿ ಈಗ ಅಲ್ಲಾಡದೆ ಬಿದ್ದಿರುವ ಅವುಗಳ ಅವಶೇಷಗಳು. ಮುಸುಕಿನ ಜೋಳದಲ್ಲಿ ಈ ಪಾಲು 85ರ ಹತ್ತಿರ. ಹೀಗಾಗಿ ನೀವು ಉಪ್ಪು ಖಾರ ಹಚ್ಚಿ ತಿನ್ನುವ ತೆನೆ ಮುಖ್ಯವಾಗಿ ಒತ್ತುವರಿಯೇ. ಜೋಳ ಎಂಬುದು ಅದರ ಬದುವಿನಲ್ಲಿ ನಡೆಯುವ ಉಪಕಸುಬು.

ಈಗ ಪೂರ್ವಪಕ್ಷ. 1972ರಲ್ಲಿ ಸುಸುಮು ಓಹ್ನೊ ಜೀನೋಮಿನ ಬಹುಭಾಗವನ್ನು ‘ಜಂಕ್’ ಎಂದು ಕರೆದು ಖರಾಬಿಗೆ ಸೇರಿಸಿಬಿಟ್ಟರು. 1980ರಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಡೂಲಿಟಲ್ ಮತ್ತು ಸಪಿಯೆಂಜಾ ಒಂದು ಲೇಖನ ಬರೆದರು, ಆರ್ಗೆಲ್ ಮತ್ತು ಕ್ರಿಕ್ ಇನ್ನೊಂದು ಬರೆದರು. ಸಂತತಿ ಹೆಚ್ಚಿಸಿಕೊಳ್ಳುವುದನ್ನು ಬಿಟ್ಟರೆ ಬೇರೆ ಕೆಲಸವೇ ಇಲ್ಲದ ಸ್ವಾರ್ಥಿ ಡಿಎನ್‌ಎ ಇದು ಎಂದು ಇಬ್ಬಣದವರೂ ವಾದಿಸಿದರು. ಸ್ವಾರ್ಥ ಎಂಬುದು ನಡತೆಯ ಮಾತು, ದಾಖಲೆಯಲ್ಲಿ ನಿಲ್ಲುವುದಿಲ್ಲ. ಖರಾಬು ಎನ್ನುವುದೂ ಸಲ್ಲದು. ಖರಾಬಿನಲ್ಲಿ ಯಾರೂ ಉಳುವುದಿಲ್ಲ, ಇಲ್ಲಿಯಾದರೋ ಸ್ವಲ್ಪ ಸಡಿಲ ಬಿಟ್ಟರೆ ರಾತ್ರೋರಾತ್ರಿ ನೇಗಿಲು ಹೂಡುತ್ತಾರೆ. ಆದ್ದರಿಂದ ಸಿದ್ಧಾಂತ: ಇದು ಬಗರ್‌ಹುಕುಂ. ಅಪ್ಪಣೆಯಿಲ್ಲದೆ ಬಂದದ್ದು, ತೆರವಾಗದೆ ಉಳಿದದ್ದು, ಸಕ್ರಮಕ್ಕೆ ಕಾಯುತ್ತಿರುವುದು.

ಈ ಒತ್ತುವರಿಯನ್ನು ಮೊದಲು ಅಳೆದು ಮಹಜರು ಬರೆದವರು ಬಾರ್ಬರಾ ಮೆಕ್ಲಿಂಟಾಕ್. ಸ್ಥಳ, ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿರುವ ಕೋಲ್ಡ್ ಸ್ಪ್ರಿಂಗ್ ಹಾರ್ಬರ್. ಕಾಲ, 1940ರ ದಶಕ. ಸಾಕ್ಷಿ, ಜೋಳದ ಕಾಳು. ಕಾಳಿಗೆ ನೇರಳೆ ಬಣ್ಣ ಬರಲು ಬೇಕಾದ ಜೀನೊಂದಿದೆ. ‘ಡಿಎಸ್’ ಎಂಬ ತುಂಡು ಬಂದು ಅದರೊಳಗೆ ಕೂತರೆ ಜೀನು ಕೆಡುತ್ತದೆ, ಕಾಳು ಬಿಳಿಚಿಕೊಳ್ಳುತ್ತದೆ. ಕಾಳು ಬಲಿಯುತ್ತಿರುವಾಗ ಯಾವುದೋ ಒಂದು ಕೋಶದಲ್ಲಿ ಡಿಎಸ್ ಎದ್ದುಹೋಯಿತೆನ್ನಿ, ಆ ಕೋಶದ ಸಂತತಿಗೆಲ್ಲ ಬಣ್ಣ ಮರಳಿ ಬಿಳಿಯ ಮೇಲೆ ನೇರಳೆ ಮಚ್ಚೆ ಮೂಡುತ್ತದೆ. ಬೇಗ ಎದ್ದಿದ್ದರೆ ಮಚ್ಚೆ ಅಗಲ, ತಡವಾಗಿ ಎದ್ದಿದ್ದರೆ ಚುಕ್ಕೆ. ಮಚ್ಚೆಯ ಅಳತೆ ನೋಡಿ ತೆರವಾದ ಹೊತ್ತು ಹೇಳಬಹುದು. ಇಷ್ಟು ಕರಾರುವಾಕ್ಕಾದ ದಾಖಲೆ ಯಾವ ತಾಲ್ಲೂಕು ಕಚೇರಿಯಲ್ಲೂ ಸಿಗದು. ಡಿಎಸ್ ತಾನಾಗಿ ಏಳಲಾರದು, ಅದನ್ನು ಎಬ್ಬಿಸಲು ‘ಎಸಿ’ ಎಂಬ ಇನ್ನೊಂದು ತುಂಡು ಅದೇ ಜೀನೋಮಿನಲ್ಲಿ ಎಲ್ಲಾದರೂ ಇರಲೇಬೇಕು ಎಂಬುದನ್ನೂ ಅವರು ಕಂಡುಕೊಂಡರು. ಎಸಿ ಸಾಹೇಬರಿಲ್ಲದೆ ಒಂದು ಹುಲ್ಲುಕಡ್ಡಿಯೂ ಅಲುಗದು ಎಂಬುದು ನಮ್ಮ ಓದುಗರಿಗೆ ಹೊಸ ಸಂಶೋಧನೆಯೇನಲ್ಲ. ಡಿಎಸ್ ಕೂತ ಕಡೆ ಎರಡೂ ಬದಿಗೆ ಎಂಟೆಂಟು ಅಕ್ಷರಗಳ ಗಡಿಕಲ್ಲು ಬೀಳುತ್ತದೆ, ಎದ್ದುಹೋದ ಮೇಲೂ ಸಾಮಾನ್ಯವಾಗಿ ಆ ಕಲ್ಲಿನ ಗುರುತು ಉಳಿಯುತ್ತದೆ ಎಂಬುದು ಬಹಳ ಕಾಲದ ಮೇಲೆ ತಿಳಿಯಿತು.

ಮೆಕ್ಲಿಂಟಾಕ್ ತಮ್ಮ ಮಹಜರನ್ನು 1951ರ ವಿಚಾರಸಂಕಿರಣದಲ್ಲಿ ಮಂಡಿಸಿದರು. ಸಭೆಗೆ ತಲೆಬುಡ ಅರ್ಥವಾಗಲಿಲ್ಲ. 1983ರಲ್ಲಿ ನೊಬೆಲ್ ಬಂತು, ಯಾರೊಂದಿಗೂ ಹಂಚಿಕೊಳ್ಳದ ಇಡೀ ಬಹುಮಾನ. ಆಗ ಅವರಿಗೆ 81 ವರ್ಷ. ಕಡತ 32 ವರ್ಷ ಮೇಜಿನ ಮೇಲಿತ್ತು ಎಂದು ಈ ನಾಡಿನಲ್ಲಿ ಯಾರೂ ಹುಬ್ಬೇರಿಸಬೇಕಾಗಿಲ್ಲ.

ಆದರೆ ಅವರು ಗಮನಿಸಿದ ಇನ್ನೊಂದು ಸಂಗತಿಗೆ ಬರಬೇಕಾದಷ್ಟು ಪ್ರಚಾರ ಬರಲಿಲ್ಲ. ಕೆಲವು ತುಂಡುಗಳು ಇದ್ದಲ್ಲೇ ಇದ್ದು ಕೆಲವು ತಲೆಮಾರು ತೆಪ್ಪಗಿರುತ್ತವೆ, ಆಮೇಲೆ ಮತ್ತೆ ಏಳುತ್ತವೆ. 1980ರ ದಶಕದಲ್ಲಿ ನೋಡಿದರೆ, ತೆಪ್ಪಗಿರುವಾಗ ಅವುಗಳ ಮೈಮೇಲೆ ಮಿಥೈಲ್ ಗುಂಪುಗಳ ಮುದ್ರೆಯಿತ್ತು. ನಮ್ಮ ಮೀಮಾಂಸೆ ಹೊರಡುವುದು ಇಲ್ಲಿಂದ. ಕೋಶವು ಒಕ್ಕಲೆಬ್ಬಿಸುವ ಗೋಜಿಗೆ ಹೋಗುವುದಿಲ್ಲ. ಅದು ತಡೆಯಾಜ್ಞೆ ಹೊರಡಿಸುತ್ತದೆ, ಅಷ್ಟೆ.

ತಡೆಯಾಜ್ಞೆ ಯಾಕೆ ಬೇಕು ಎಂದು ಕೇಳುವ ಉದಾರವಾದಿಗಳಿಗಾಗಿ ಎರಡು ಮಾತು. ಡಿಎಸ್‌ನಂಥವು ಇದ್ದ ಜಾಗ ಬಿಟ್ಟು ಇನ್ನೊಂದು ಕಡೆ ಹೋಗುತ್ತವೆ. ಮನುಷ್ಯನಲ್ಲಿರುವ ‘ಎಲ್1’ ಹಾಗಲ್ಲ. ತಾನು ಕೂತಲ್ಲೇ ಕೂತು, ಆರ್‌ಎನ್‌ಎ ನಕಲು ತೆಗೆದು, ಅದನ್ನು ಮತ್ತೆ ಡಿಎನ್‌ಎಗೆ ತಿರುಗಿಸಿ, ಇನ್ನೊಂದು ಸರ್ವೆ ನಂಬರಿನಲ್ಲಿ ಮ್ಯುಟೇಶನ್ ಮಾಡಿಸಿಕೊಳ್ಳುತ್ತದೆ. ಪೂರ್ತಿ ಎಲ್1 ಎಂದರೆ ಸುಮಾರು 6,000 ಅಕ್ಷರ. ಪ್ರತಿಗಳು ಐದು ಲಕ್ಷದಷ್ಟು. ಬಹುಪಾಲು ಮುರುಕಲು. ಈಗಲೂ ಕೈಕಾಲು ಆಡಿಸಬಲ್ಲವು ಒಬ್ಬೊಬ್ಬರಲ್ಲಿ ನೂರರ ಒಳಗೆ. ‘ಆಲು’ ಎಂಬುದು ಇನ್ನೂ ಬಡಪಾಯಿ: 300 ಅಕ್ಷರ, ಸ್ವಂತ ನೇಗಿಲಿಲ್ಲ, ಎಲ್1ನ ಸಲಕರಣೆ ಕಡ ತಂದು ಸಾಗುವಳಿ. ಹಾಗೆ ಕಡ ತಂದೇ ಅದು ಹತ್ತು ಲಕ್ಷ ಪ್ರತಿ ದಾಟಿದೆ. ಬಡತನದ ಬಗ್ಗೆ ಇದುವರೆಗೆ ಬಂದ ಸಿದ್ಧಾಂತಗಳನ್ನೆಲ್ಲ ಇದು ಬುಡಮೇಲು ಮಾಡುತ್ತದೆಯಾದರೂ ಆ ಕೆಲಸವನ್ನು ಮುಂದಿನ ಪ್ರಬಂಧಕ್ಕೆ ಕಾದಿರಿಸಿದ್ದೇನೆ. ಇದೆಲ್ಲ ತಮಾಷೆಯಾಗಿ ಕಂಡರೆ 1988ರ ವರದಿಯನ್ನು ನೆನೆಯಬೇಕು: ಹೇಗ್ ಕಜಾಜಿಯನ್ ಅವರ ತಂಡ ಹಿಮೋಫಿಲಿಯಾ ರೋಗಿಗಳ ರಕ್ತ ಹೆಪ್ಪುಗಟ್ಟಿಸುವ ಜೀನಿನೊಳಗೆ ಹೊಸದಾಗಿ ಬಂದು ಕೂತ ಎಲ್1 ತುಂಡನ್ನು ಪತ್ತೆ ಮಾಡಿತ್ತು.

ಆಜ್ಞೆಯ ಕ್ರಮ ಹೀಗೆ. ಡಿಎನ್‌ಎ ಎಂಬುದು ಬೆತ್ತಲೆ ದಾರವಲ್ಲ. ಉಂಡೆಯೊಂದಕ್ಕೆ 147 ಅಕ್ಷರಗಳಂತೆ, ಎಂಟೆಂಟು ಹಿಸ್ಟೋನ್ ಪ್ರೋಟೀನುಗಳ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಈ ಸುತ್ತಿನ ಇಡೀ ವ್ಯವಸ್ಥೆಗೆ ಕ್ರೊಮ್ಯಾಟಿನ್ ಎಂದು ಹೆಸರು. ಸಡಿಲ ಸುತ್ತು ಓದಲು ಸಿಗುತ್ತದೆ, ಬಿಗಿ ಸುತ್ತು ಸಿಗುವುದಿಲ್ಲ. ಒತ್ತುವರಿ ಪತ್ತೆ ಹಚ್ಚಲು ಮನುಷ್ಯನಲ್ಲಿ ಕ್ರಾಬ್ ಜಿಂಕ್ ಫಿಂಗರ್ ಎಂಬ ಗ್ರಾಮಲೆಕ್ಕಿಗರು ಮುನ್ನೂರಕ್ಕೂ ಹೆಚ್ಚು. ಒಬ್ಬೊಬ್ಬರಿಗೂ ಸಾಮಾನ್ಯವಾಗಿ ಒಂದೊಂದು ಟ್ರಾನ್ಸ್‌ಪೋಸಾನ್ ಮನೆತನದ ಮುಖಪರಿಚಯ. ಪಕ್ಕದ ಮನೆತನ ಕೊಳ್ಳೆ ಹೊಡೆಯುತ್ತಿದ್ದರೂ ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ. ಲೆಕ್ಕಿಗರು ತಾವಾಗಿ ಏನೂ ಮಾಡುವುದಿಲ್ಲ. ಅವರು ಟ್ರಿಮ್28 ಎಂಬ ಮೇಲಧಿಕಾರಿಯನ್ನು ಕರೆಯುತ್ತಾರೆ, ಅವರು ಸೆಟ್‌ಡಿಬಿ1 ಎಂಬ ಮುದ್ರೆಯವರನ್ನು ಕರೆಸುತ್ತಾರೆ, ಅವರು ಮೂರನೇ ಹಿಸ್ಟೋನಿನ ಬಾಲದ ಒಂಬತ್ತನೇ ಸ್ಥಾನದಲ್ಲಿ ಮೂರು ಮಿಥೈಲ್ ಒತ್ತುತ್ತಾರೆ. ಆ ಮುದ್ರೆ ಓದಿ ಎಚ್‌ಪಿ1 ಬಂದು ಕೂರುತ್ತದೆ, ಸುತ್ತು ಬಿಗಿಯುತ್ತದೆ. ಜೊತೆಗೆ ಡಿಎನ್‌ಎಯ ಸೈಟೋಸಿನ್ ಅಕ್ಷರಗಳ ಮೇಲೆ ಬೇರೆ ಮಿಥೈಲ್. ಕೋಶ ಒಡೆದು ಎರಡಾದಾಗ ಈ ಮುದ್ರೆಗಳನ್ನು ಹೊಸ ಎಳೆಗೆ ಇಳಿಸಲು ಡಿಎನ್‌ಎಂಟಿ1 ಎಂಬ ನಕಲು ಶಾಖೆಯೇ ಇದೆ. ಒಂದು ತಡೆಯಾಜ್ಞೆಗೆ ಇಷ್ಟು ಸಹಿ ಏಕೆ ಎಂದು ಕೇಳುವವರು ಕಚೇರಿಯ ಮೆಟ್ಟಿಲು ಹತ್ತಿದವರಲ್ಲ.

ಈ ಬಿಗಿ ಸುತ್ತನ್ನು 1928ರಲ್ಲಿ ಎಮಿಲ್ ಹೈಟ್ಸ್ ಹಾವಸೆಯ ಕೋಶಗಳಲ್ಲಿ ನೋಡಿ ಹೆಟೆರೊಕ್ರೊಮ್ಯಾಟಿನ್ ಎಂದು ಕರೆದರು. ಅದಕ್ಕೊಂದು ದುರ್ಗುಣವಿದೆ, ಹಬ್ಬುತ್ತದೆ. 1930ರಲ್ಲಿ ಹರ್ಮನ್ ಮುಲ್ಲರ್ ಕ್ಷ-ಕಿರಣ ಹಾಯಿಸಿ ಪಡೆದ ಕೆಲವು ಹಣ್ಣುನೊಣಗಳ ಕಣ್ಣು ಅರ್ಧ ಕೆಂಪು, ಅರ್ಧ ಬಿಳಿ ತೇಪೆ. ಕಣ್ಣಿಗೆ ಕೆಂಪು ಕೊಡುವ ಜೀನಿನಲ್ಲಿ ದೋಷವೇನೂ ಇರಲಿಲ್ಲ. ವರ್ಣತಂತು ತಿರುವುಮುರುವಾಗಿ ಅದು ಬಿಗಿ ಸುತ್ತಿನ ನೆರೆಗೆ ಬಂದು ಬಿದ್ದಿತ್ತು, ಅಷ್ಟೇ ಅದರ ಅಪರಾಧ. ಪಕ್ಕದವನ ಮೇಲಿನ ಆಜ್ಞೆ ಕೆಲವು ಕೋಶಗಳಲ್ಲಿ ಇದರ ಮೇಲೂ ಜಾರಿಯಾಯಿತು. ಸಕ್ರಮ ಖಾತೆದಾರನಿಗೆ ಇದರ ವಿರುದ್ಧ ಮೇಲ್ಮನವಿ ಸಲ್ಲಿಸಲು ಅವಕಾಶವಿಲ್ಲ.

ಹೊಸಬರನ್ನು ಗುರುತಿಸುವುದು ಹೇಗೆ, ಅವರ ಮುಖ ಯಾವ ಲೆಕ್ಕಿಗನಿಗೂ ಗೊತ್ತಿಲ್ಲದಿದ್ದರೆ? 2015ರಲ್ಲಿ ‘ಹಶ್’ ಎಂಬ ಪ್ರೋಟೀನ್ ಕೂಟ ಬೆಳಕಿಗೆ ಬಂತು. ಅದು ಯಾರನ್ನು ಸಂಶಯಿಸುತ್ತದೆ ಎಂಬುದು 2022ರಲ್ಲಿ ಸ್ಪಷ್ಟವಾಯಿತು: ಉದ್ದಕ್ಕೂ ಇಂಟ್ರಾನ್ ಇಲ್ಲದೆ ಸಾಗುವ ಡಿಎನ್‌ಎಯನ್ನು. ನಮ್ಮ ಸಾಚಾ ಜೀನುಗಳ ನಡುನಡುವೆ ಕತ್ತರಿಸಿ ಬಿಸಾಡಬೇಕಾದ ಇಂಟ್ರಾನುಗಳು ತುಂಬಿರುತ್ತವೆ. ಆರ್‌ಎನ್‌ಎಯಿಂದ ಮರಳಿ ನಕಲಾಗಿ ಬಂದ ಎಲ್1ನಲ್ಲಿ ಅವಿಲ್ಲ. ಎಲ್ಲ ಸರಿಯಾಗಿ, ಒಂದು ಹೊಡೆದುಹಾಕಿದ ಸಾಲೂ ಇಲ್ಲದೆ, ನುಣ್ಣಗೆ ಟೈಪಾಗಿ ಬಂದ ಕ್ರಯಪತ್ರ ನೋಡಿದರೆ ಅನುಭವಸ್ಥ ಗುಮಾಸ್ತನಿಗೆ ಆಗುವ ಕಳವಳವೇ ಇದು. ಇಡೀ ಅಧ್ಯಯನದಲ್ಲಿ ಪ್ರಬಂಧಕಾರನಿಗೆ ಅತ್ಯಂತ ಹಿತವೆನಿಸಿದ ಕಾನೂನು ಇದೊಂದೇ.

ಈಗ ವಂಶಪಾರಂಪರ್ಯದ ಪ್ರಶ್ನೆ. ಇದಕ್ಕೆ ನೊಣವೇ ಪ್ರಮಾಣ. 20ನೇ ಶತಮಾನದಲ್ಲಿ ಹಣ್ಣುನೊಣದ ಕಾಡುತಳಿಗಳಿಗೆ ‘ಪಿ’ ಎಂಬ ಟ್ರಾನ್ಸ್‌ಪೋಸಾನ್ ಬೇರೊಂದು ಜಾತಿಯ ನೊಣದಿಂದ ದಾಟಿ ಬಂದು ಜಗತ್ತೆಲ್ಲ ಹಬ್ಬಿತು. ಅದಕ್ಕೂ ಮುಂಚೆ ಹಿಡಿದು ಪ್ರಯೋಗಾಲಯದ ಸೀಸೆಯಲ್ಲಿ ಸಾಕಿದ್ದ ತಳಿಗಳಿಗೆ ಅದು ಗೊತ್ತೇ ಇಲ್ಲ. ಕಾಡಿನ ಗಂಡು, ಸೀಸೆಯ ಹೆಣ್ಣು ಕೂಡಿದರೆ ಮರಿಗಳು ಬಂಜೆ. ಸೀಸೆಯ ಗಂಡು, ಕಾಡಿನ ಹೆಣ್ಣು ಕೂಡಿದರೆ ಮರಿಗಳು ಸುಖವಾಗಿರುತ್ತವೆ. ಎರಡೂ ಕಡೆ ಪಿ ಇದೆ, ಡಿಎನ್‌ಎ ಹೆಚ್ಚುಕಡಿಮೆ ಅದೇ. ಆದರೂ ಈ ಪಕ್ಷಪಾತವೇಕೆ? ಉತ್ತರ ಮೊಟ್ಟೆಯಲ್ಲಿತ್ತು. ಇಪ್ಪತ್ತೈದರ ಆಸುಪಾಸು ಅಕ್ಷರಗಳ ಪೈ-ಆರ್‌ಎನ್‌ಎ ಎಂಬ ಚೀಟಿಗಳನ್ನು ತಾಯಿ ಮೊಟ್ಟೆಯೊಳಗೆ ತುಂಬಿಸಿ ಕಳಿಸುತ್ತಾಳೆ. ಒತ್ತುವರಿದಾರನ ಚಹರೆ ಆ ಚೀಟಿಗಳಲ್ಲಿದೆ. ಪಿವಿ ಬಳಗದ ಪ್ರೋಟೀನುಗಳು ಚೀಟಿ ಹಿಡಿದು ಹೊರಡುತ್ತವೆ, ಹೊಂದಿಕೆಯಾದ ಆರ್‌ಎನ್‌ಎ ಸಿಕ್ಕಲ್ಲಿ ಕೆಲವು ಕತ್ತರಿಸುತ್ತವೆ, ಕೆಲವು ಅದು ಹೊರಟ ಜಾಗದ ಕ್ರೊಮ್ಯಾಟಿನನ್ನೇ ಬಿಗಿಸುತ್ತವೆ. ಅಪ್ಪನ ವೀರ್ಯಾಣುವಿನಲ್ಲಿ ಜಮೀನುಂಟು, ಚೀಟಿಯಿಲ್ಲ. ಆಸ್ತಿ ಅಪ್ಪನಿಂದಲೂ ಬರುತ್ತದೆ, ಯಾರನ್ನು ನಂಬಬಾರದೆಂಬ ತಿಳಿವಳಿಕೆ ತಾಯಿಯಿಂದಲೇ ಬರಬೇಕು.

ಆ ಚೀಟಿಗಳನ್ನು ಬರೆಯುವ ಮೂಲ ವಹಿಗಳೂ ಜೀನೋಮಿನಲ್ಲೇ ಇವೆ. ನೊಣದ ಎಕ್ಸ್ ವರ್ಣತಂತುವಿನ ‘ಫ್ಲಮೆಂಕೊ’ ಎಂಬ ಜಾಗ ಅಂಥದ್ದು: ಪ್ರೋಟೀನ್ ತಯಾರಿಸುವುದಿಲ್ಲ, ಹಳೇ ಟ್ರಾನ್ಸ್‌ಪೋಸಾನುಗಳ ಚೂರುಗಳು ರಾಶಿ ಬಿದ್ದಿರುತ್ತವೆ. ಹಾರುವ ತುಂಡು ಹಾರುತ್ತಾ ಹಾರುತ್ತಾ ಒಂದು ದಿನ ಇಂಥ ವಹಿಯೊಳಗೇ ಬಿದ್ದರೆ ಕತೆ ಮುಗಿಯಿತು. ಅಲ್ಲಿಂದ ಅದರ ವಿರುದ್ಧವೇ ಚೀಟಿ ಹೊರಡುತ್ತದೆ.

ಮುದ್ರೆ ಶಾಶ್ವತವೆಂದು ಯಾರೂ ತಿಳಿಯಬಾರದು. ಸಸ್ತನಿಗಳಲ್ಲಿ ಭ್ರೂಣದಲ್ಲಿ ಕೆಲವೇ ಕೋಶಗಳಿದ್ದಾಗ ಒಮ್ಮೆ, ಮುಂದೆ ಅಂಡ-ವೀರ್ಯಗಳಾಗುವ ಕೋಶಗಳಲ್ಲಿ ಇನ್ನೊಮ್ಮೆ, ಮಿಥೈಲ್ ಮುದ್ರೆಗಳಲ್ಲಿ ಬಹುಪಾಲು ಅಳಿಸಿಹೋಗುತ್ತವೆ. ದಾಖಲೆ ಕೊಠಡಿ ಖಾಲಿಯಾದ ಆ ಸಂಧಿಯೇ ಎಲ್ಲಕ್ಕಿಂತ ಅಪಾಯದ್ದು. ಗಂಡಿಲಿಯಲ್ಲಿ ಮುದ್ರೆ ಮರಳಿ ಒತ್ತುವ ಪ್ರೋಟೀನುಗಳನ್ನು ಕೆಡಿಸಿದರೆ ಅದಕ್ಕೆ ಮಕ್ಕಳೇ ಆಗುವುದಿಲ್ಲ.

ಅರೆಬರೆ ಜಾರಿಯಾದ ಆಜ್ಞೆಯ ಮಾದರಿಗೆ ಇನ್ನೊಂದು ಇಲಿಯನ್ನು ನೋಡಬಹುದು. ‘ಅಗೌಟಿ’ ಎಂಬ ಜೀನಿನ ಮುಂದೆ ಐಎಪಿ ಎಂಬ ತುಂಡು ಬಂದು ಕೂತಿರುವ ತಳಿ ಅದು. ತುಂಡಿನ ಬಾಯಿ ತೆರೆದಿದ್ದರೆ ಇಲಿ ಹಳದಿ, ದಢೂತಿ. ಮುಚ್ಚಿದ್ದರೆ ಕಂದು, ಸಪೂರ. ಡಿಎನ್‌ಎ ಒಂದೇ ಆಗಿರುವ ಒಡಹುಟ್ಟುಗಳಲ್ಲೇ ಈ ಎರಡು ತುದಿಗಳೂ, ನಡುವಿನ ಎಲ್ಲ ಬಣ್ಣಗಳೂ ಹುಟ್ಟುತ್ತವೆ. 2003ರಲ್ಲಿ ವಾಟರ್‌ಲ್ಯಾಂಡ್ ಮತ್ತು ಜರ್ಟಲ್ ಬಸುರಿ ಇಲಿಗಳಿಗೆ ಫೋಲಿಕ್ ಆಮ್ಲ, ಬಿ12 ಮುಂತಾದ ಮಿಥೈಲ್ ಒದಗಿಸುವ ಆಹಾರ ಕೊಟ್ಟಾಗ ಕಂದು ಮರಿಗಳು ಹೆಚ್ಚಿದವು. ಇದನ್ನು ಓದಿ ಔಷಧದಂಗಡಿಗೆ ಓಡುವವರಿಗೆ ಸೂಚನೆ: ನೀವು ಆ ತಳಿಯ ಇಲಿಯಲ್ಲ. ತಾಳೆ ಎಣ್ಣೆಯ ಮರದ ಪಾಡು ಇನ್ನೂ ಬೇರೆ. ಅಂಗಾಂಶ ಕೃಷಿಯಿಂದ ತದ್ರೂಪು ಮಾಡಿದ ಗಿಡಗಳಲ್ಲಿ ಕೆಲವು ವಿಕಾರವಾದ, ಎಣ್ಣೆ ಕಡಿಮೆಯಾದ ಕಾಯಿ ಬಿಡುತ್ತಿದ್ದವು. 2015ರಲ್ಲಿ ಮಲೇಷ್ಯಾದ ವಿಜ್ಞಾನಿಗಳನ್ನೊಳಗೊಂಡ ತಂಡ ಕಾರಣ ಹುಡುಕಿತು: ಜೀನೊಂದರ ಇಂಟ್ರಾನಿನೊಳಗಿದ್ದ ಟ್ರಾನ್ಸ್‌ಪೋಸಾನಿನ ಮೇಲಿನ ಮಿಥೈಲ್ ಮುದ್ರೆ ಅಳಿಸಿಹೋಗಿತ್ತು. ಆ ಟ್ರಾನ್ಸ್‌ಪೋಸಾನಿನ ಹೆಸರು ‘ಕರ್ಮ’. ಇದರಲ್ಲಿ ನನ್ನ ಕೈವಾಡವಿಲ್ಲ, ನಾಮಕರಣ ಮಾಡಿದವರು ವಿಜ್ಞಾನಿಗಳೇ.

ಉಳಿದದ್ದು ಸಕ್ರಮ. ಮಂಜೂರಾತಿ ಅಪರೂಪ, ಆದರೆ ಆದಾಗ ದೊಡ್ಡದಾಗಿಯೇ ಆಗುತ್ತದೆ. ನಮ್ಮ ರೋಗನಿರೋಧಕ ಕೋಶಗಳು ಪ್ರತಿಕಾಯದ ಜೀನುಗಳನ್ನು ಕತ್ತರಿಸಿ ಜೋಡಿಸಲು ಬಳಸುವ ರ‍್ಯಾಗ್ ಪ್ರೋಟೀನುಗಳ ಮೂಲ ಒಂದು ಪುರಾತನ ಟ್ರಾನ್ಸ್‌ಪೋಸಾನಿನ ಕತ್ತರಿ. ಹೊರಗಿನವರನ್ನು ತಡೆಯುವ ಇಲಾಖೆಯ ಮುಖ್ಯಸ್ಥರೇ ಹಳೆಯ ಒತ್ತುವರಿದಾರರು ಎಂಬುದನ್ನು ಯಾರೂ ಎತ್ತಿ ಆಡುವುದಿಲ್ಲ. ಗರ್ಭದ ಮಾಸಿನಲ್ಲಿ ಕೋಶಗಳು ಒಂದರೊಳಗೊಂದು ಬೆಸೆದು ಪೊರೆಯಾಗಲು ಬೇಕಾದ ಸಿನ್ಸಿಟಿನ್, ಜೀನೋಮಿಗೆ ನುಗ್ಗಿದ ರೆಟ್ರೊವೈರಸ್ಸೊಂದರ ಹೊದಿಕೆಯ ಪ್ರೋಟೀನು. ಇಲಿಗಳು ತಮ್ಮ ಸಿನ್ಸಿಟಿನನ್ನು ಬೇರೆಯೇ ವೈರಸ್ಸಿನಿಂದ ಪಡೆದಿವೆ. ಒಂದೇ ಹುದ್ದೆಗೆ ಎರಡು ಕಡೆ ಬೇರೆಬೇರೆ ಅಭ್ಯರ್ಥಿಗಳು ನೇಮಕವಾದಂತಾಯಿತು. ಈ ಲೇಖನವನ್ನು ಓದುತ್ತಿರುವವರೆಲ್ಲ ಅಂಥ ಒಂದು ಮಂಜೂರಾತಿಯ ಫಲಾನುಭವಿಗಳೇ ಆದ್ದರಿಂದ ತಕರಾರು ಅರ್ಜಿ ಸಲ್ಲಿಸುವಾಗ ಯೋಚಿಸುವುದು ಒಳ್ಳೆಯದು.

ಇನ್ನು ಇತ್ಯರ್ಥವಾಗದೆ ಉಳಿದ ಪ್ರಕರಣ ಆಸ್ಟ್ರೇಲಿಯಾದ್ದು. ಕೊವಾಲಾಗಳ ಜೀನೋಮಿಗೆ ರೆಟ್ರೊವೈರಸ್ಸೊಂದು ಈಗ, ವಿಜ್ಞಾನಿಗಳ ಕಣ್ಣೆದುರಿಗೇ, ಒತ್ತುವರಿ ಮಾಡುತ್ತಿದೆ. ಉತ್ತರದ ಕ್ವೀನ್ಸ್‌ಲ್ಯಾಂಡಿನಲ್ಲಿ ಅದಿಲ್ಲದ ಕೊವಾಲಾ ಸಿಗುವುದು ಕಷ್ಟ. ದಕ್ಷಿಣಕ್ಕೆ ಹೋದಂತೆ ವಿರಳ. ವಹಿಯಲ್ಲಿ ಹೆಸರಿಲ್ಲದ ಆಸಾಮಿಯಾಗಿದ್ದರಿಂದ ಚೀಟಿಯೂ ಸಿದ್ಧವಿರಲಿಲ್ಲ. 2019ರ ಅಧ್ಯಯನವೊಂದರ ಪ್ರಕಾರ ಅವುಗಳ ವೃಷಣದ ಕೋಶಗಳು, ವೈರಸ್ಸಿನ ಆರ್‌ಎನ್‌ಎ ಕತ್ತರಿ ಪ್ರಯೋಗವಾಗದೆ ಇಡಿಯಾಗಿ ಬರುತ್ತಿರುವುದನ್ನೇ ಗುರುತು ಮಾಡಿಕೊಂಡು, ಅದನ್ನೇ ಕೊಚ್ಚಿ ಆತುರದ ಪೈ-ಆರ್‌ಎನ್‌ಎ ತಯಾರಿಸತೊಡಗಿವೆ. ಪಕ್ಕಾ ತಡೆಯಾಜ್ಞೆ ಎಲ್ಲ ಕೊವಾಲಾಗಳಿಗೂ ಇನ್ನೂ ಬಂದಂತಿಲ್ಲ. ಈ ನಡುವೆ ವೈರಸ್ಸು ಕೊವಾಲಾಗಳಿಗೆ ರಕ್ತದ ಕ್ಯಾನ್ಸರನ್ನು ತರುತ್ತಿದೆ, ಮರಿಗಳಿಗೆ ಖಾತೆಯ ಸಮೇತ ವರ್ಗವಾಗುತ್ತಿದೆ, ಮತ್ತು ಕೊವಾಲಾಗಳು ನೀಲಗಿರಿ ಮರದ ಕೊಂಬೆಯಲ್ಲಿ ದಿನದ ಬಹುಪಾಲು ನಿದ್ದೆ ಮಾಡುತ್ತಿವೆ.