ಗೆದ್ದಲಿನ ಸಾಹಿತ್ಯ ವಿಮರ್ಶೆ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಉದಗೀರ, ನಿಲಂಗಾಗಳು ಬೀದರ ಜಿಲ್ಲೆಯಿಂದ ಕಳಚಿಕೊಂಡು ಮರಾಠವಾಡೆಯ ಪಾಲಾದರೂ, ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮರಾಠಿಯನ್ನೂ ನಿರಾಯಾಸವಾಗಿ ಅರಗಿಸಿಕೊಳ್ಳುವ ಬಾಲಕರು ಇಲ್ಲಿ ಇನ್ನೂ ಇರುವುದರಿಂದ, ಶಾಲಾ ಗ್ರಂಥಪಾಲಕನಾದ ನನ್ನ ಕಪಾಟಿನಲ್ಲಿ ಸಾನೇ ಗುರೂಜಿಯವರ ‘ಶ್ಯಾಮಚಿ ಆಯಿ’ಯೂ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯೂ ನೆಗೆಣ್ಣಿಯರಂತೆ ಮಗ್ಗುಲು ಮಗ್ಗುಲಾಗಿಯೇ ಬಾಳುತ್ತಿವೆ.

ಹೊಸ ಪುಸ್ತಕಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಉದಾರವಾದುದೇ. ಆದರೆ ಅದನ್ನು ಕೇಳುವವರಿಲ್ಲ. 2022ರಲ್ಲಿ ಬಾಲಸಾಹಿತ್ಯ ಪುರಸ್ಕಾರ ಪಡೆದ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಯನ್ನು ಕೈಗಿತ್ತೊಡನೆ ಒಬ್ಬ ಕುಮಾರನು, “ಈ ಗವಿ ನಮ್ಮ ಕಿಲ್ಲೇದಾಗಿಂದೇನ್ರಿ ಗುರುಜೀ?” ಎಂದನು. ಮರುವರ್ಷ ಅದೇ ಪುರಸ್ಕಾರ ಪಡೆದ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಕಂಡಾಗಲಂತೂ, ಜೋಳದ ರೊಟ್ಟಿಯಿಂದಲೇ ಪುಷ್ಟನಾದ ಅವನು, “ಇದು ಯಾವ ನಮೂನಿ ಅಕ್ಕಿ?” ಎಂದು ವಿನಯಪೂರ್ವಕವಾಗಿ ವಿಚಾರಿಸಿದನು. ಅದು ಅಕ್ಕಿಯಲ್ಲ, ಮಕರಂದ ಹೀರುವ ಪುಟ್ಟ ಹಕ್ಕಿಯೆಂದು ನಾನು ಕೈಗಳನ್ನೇ ರೆಕ್ಕೆಯಾಗಿಸಿ ಅಭಿನಯಿಸುತ್ತಿದ್ದಾಗಲೇ ಮುಖ್ಯಾಧ್ಯಾಪಕರು ಬಾಗಿಲಲ್ಲಿ ಪ್ರತ್ಯಕ್ಷರಾದರು.

ಇಷ್ಟಾಗಿ, ನನ್ನ ಗ್ರಂಥಾಲಯದ ನಿಷ್ಪಕ್ಷಪಾತ ವಿಮರ್ಶಕನೆಂದರೆ ಗೆದ್ದಲೊಂದೇ: ಕನ್ನಡ, ಮರಾಠಿಗಳೆಂಬ ಭೇದವೆಣಿಸದೆ, ಪುರಸ್ಕಾರಗಳನ್ನು ಲೆಕ್ಕಿಸದೆ, ಕೈಗೆತ್ತಿಕೊಂಡ ಗ್ರಂಥವನ್ನು ಮುಖಪುಟದಿಂದ ಕೊನೆಯ ಪುಟದವರೆಗೆ ಸಂಪೂರ್ಣವಾಗಿ ಮುಗಿಸುವ ಶ್ರದ್ಧೆ ಅದಕ್ಕಲ್ಲದೆ ಮತ್ತಾರಿಗುಂಟು!